ತೊಡೆಸಂದಿನಲ್ಲಿ ಎರಡು ತೂತು, ವರ್ಷಕ್ಕೊಂದು ಸ್ಕ್ಯಾನ್: ಕೊಡಗಿನ ಒಂದು ಅಯೋರ್ಟಾ ಪ್ರಕರಣ

ನಾಪೋಕ್ಲು ಕಡೆಯವರು. ವಯಸ್ಸು 72. ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದವರು. ಆರು ಎಕರೆ ರೊಬಸ್ಟಾ ತೋಟ, ಮರಗಳ ಮೇಲೆ ಕರಿಮೆಣಸಿನ ಬಳ್ಳಿ. ಊರಿನವರು ಇವತ್ತಿಗೂ ಹವಾಲ್ದಾರ್ರು ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಬರೆಯುತ್ತೇನೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ನನ್ನ ಹತ್ತಿರ ಬಂದಿದ್ದು ಹೊಟ್ಟೆನೋವಿಗಲ್ಲ, ಎದೆನೋವಿಗೂ ಅಲ್ಲ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಈ ವಯಸ್ಸಿನಲ್ಲಿ ಪ್ರಾಸ್ಟೇಟ್ ಇರಬಹುದು ಅಂತ ಅಲ್ಟ್ರಾಸೌಂಡ್ ಬರೆದುಕೊಟ್ಟೆ. ರೇಡಿಯಾಲಜಿಸ್ಟ್ ಕಿಡ್ನಿ ನೋಡಲು ಪ್ರೋಬನ್ನು ಮೇಲಕ್ಕೆ ಸರಿಸಿದಾಗ ಮಹಾಪಧಮನಿ, ಅಂದರೆ ಅಯೋರ್ಟಾ, ಕಣ್ಣಿಗೆ ಬಿತ್ತು. ವರದಿಯಲ್ಲಿ ಪ್ರಾಸ್ಟೇಟ್ ಬಗ್ಗೆ ಎರಡು ಸಾಲಿತ್ತು. ಕೊನೆಯ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದಿತ್ತು: ಕಿಡ್ನಿಯ ರಕ್ತನಾಳಗಳ ಕೆಳಗೆ ಅಯೋರ್ಟಾ 5.8 ಸೆಂ.ಮೀ.

ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಎದೆ ದಾಟಿ ಹೊಟ್ಟೆಗೆ ಇಳಿಯುತ್ತದೆ. ಹೊಕ್ಕುಳದ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳ ಕಡೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಇರಬೇಕು. 3 ದಾಟಿದರೆ ಅದಕ್ಕೆ ಅನ್ಯೂರಿಸಮ್ ಅನ್ನುತ್ತೇವೆ, ಅಂದರೆ ಗೋಡೆ ಸಡಿಲವಾಗಿ ಉಬ್ಬಿಕೊಂಡಿದೆ ಅಂತ. ಇವರದ್ದು ಹೆಚ್ಚುಕಡಿಮೆ ಮೂರು ಪಟ್ಟು ಅಗಲವಾಗಿತ್ತು.

ಮಂಚದ ಮೇಲೆ ಮಲಗಿಸಿ ಹೊಕ್ಕುಳದ ಮೇಲೆ ಎರಡೂ ಕೈ ಇಟ್ಟು ಒತ್ತಿದೆ. ಬಡಿತ ಮೇಲಕ್ಕೆ ಮಾತ್ರ ಅಲ್ಲ, ಎರಡೂ ಪಕ್ಕಕ್ಕೂ ಬೆರಳನ್ನು ತಳ್ಳುತ್ತಿತ್ತು. ಆಗ ಹೆಂಡತಿ ಹೇಳಿದರು: "ರಾತ್ರಿ ಮಲಗಿದ್ರೆ ಹೊಟ್ಟೇಲಿ ಡಬ್ ಡಬ್ ಅಂತದೆ ಅಂತಿದ್ರು ಡಾಕ್ಟ್ರೇ. ಗ್ಯಾಸ್ ಅಂತ ನಾನು ಜೀರಿಗೆ ಕಷಾಯ ಕೊಡ್ತಿದ್ದೆ." ಅವರನ್ನು ಏನೂ ಅನ್ನುವ ಹಾಗಿಲ್ಲ. ಈ ಕಾಯಿಲೆ ಒಡೆಯುವ ತನಕ ಹೆಚ್ಚಿನವರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ತೆಳ್ಳಗಿನ ಮೈಯವರಿಗೆ ಮಾತ್ರ ಹೀಗೆ ಬಡಿತ ಗೊತ್ತಾಗಬಹುದು.

ಇವರಿಗೆ ಇದು ಯಾಕೆ ಬಂತು? ಗಂಡಸು, 65 ದಾಟಿದ ವಯಸ್ಸು, ಬಿಪಿ, ಎಲ್ಲಕ್ಕಿಂತ ದೊಡ್ಡದು ಸಿಗರೇಟು. ಗಡಿಯ ಚಳಿಯಲ್ಲಿ ಶುರುವಾದ ಚಟ ಸುಮಾರು ನಲವತ್ತು ವರ್ಷ ಜೊತೆಗಿತ್ತು. "ಶುಗರ್ ಒಂದು ಇಲ್ಲ ನೋಡಿ ನಂಗೆ" ಅಂತ ಹವಾಲ್ದಾರರಿಗೆ ಹೆಮ್ಮೆ. ತಮಾಷೆ ಅಂದರೆ, ಈ ಒಂದು ಕಾಯಿಲೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಅಪಾಯ ಕಡಿಮೆ. ಅದನ್ನು ಅವರಿಗೆ ಹೇಳಲಿಲ್ಲ. ಸುಮ್ನೆ ಯಾಕೆ ಅಲ್ವಾ?

ಕೊಯ್ಲು ಮುಗಿಯಲಿ ಅಂದಾಗ

ಅದು ನವೆಂಬರ್ ಕೊನೆ. ರೊಬಸ್ಟಾ ಹಣ್ಣಾಗಲು ಇನ್ನು ಸ್ವಲ್ಪ ದಿನ ಬಾಕಿ. ವಿಷಯ ಹೇಳಿದ ಕೂಡಲೇ ಅವರ ಉತ್ತರ ಬಂತು: "ಕೊಯ್ಲು ಮುಗೀಲಿ ಡಾಕ್ಟ್ರೇ. ಮಾರ್ಚಲ್ಲಿ ನೋಡೋಣ."

ಕೊಡಗಿನಲ್ಲಿ ಕೆಲಸ ಮಾಡುವ ಯಾವ ವೈದ್ಯರಿಗೂ ಈ ಮಾತು ಹೊಸದಲ್ಲ. ಹರ್ನಿಯಾ, ಮಂಡಿ, ಕಣ್ಣಿನ ಪೊರೆ ಎಲ್ಲವೂ ಕೊಯ್ಲಿಗೆ ಕಾಯುತ್ತವೆ. ಇದು ಕಾಯುವ ಜಾತಿಯದ್ದಲ್ಲ. ಗಂಡಸರಲ್ಲಿ 5.5 ಸೆಂ.ಮೀ., ಹೆಂಗಸರಲ್ಲಿ 5 ಸೆಂ.ಮೀ. ಮುಟ್ಟಿದರೆ ರಿಪೇರಿ ಮಾಡುವ ಬಗ್ಗೆ ಯೋಚಿಸಬೇಕು ಅನ್ನುವುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಲೆಕ್ಕ. ಅದಕ್ಕಿಂತ ಚಿಕ್ಕದಿದ್ದರೆ ಆಪರೇಷನ್‌ನ ಅಪಾಯವೇ ಜಾಸ್ತಿ, ಸ್ಕ್ಯಾನ್ ಮಾಡಿಸುತ್ತಾ ಕಾದರೆ ಸಾಕು.

"ಒಡೆಯದೆಯೂ ಇರಬಹುದಲ್ವಾ?" ಅಂತ ಹೆಂಡತಿ ಕೇಳಿದರು. ಇರಬಹುದು. ಈ ಅಳತೆಯ ಉಬ್ಬು ಒಂದು ವರ್ಷದಲ್ಲಿ ಒಡೆಯುವ ಸಾಧ್ಯತೆ ನೂರಕ್ಕೆ ಐದರಿಂದ ಹತ್ತು ಅಂತ ಹಳೆಯ ಅಂದಾಜು. ಈಚಿನ ಲೆಕ್ಕಗಳಲ್ಲಿ ಅದು ಇನ್ನೂ ಕಡಿಮೆ. ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ. ಆದರೆ ಒಡೆದರೆ ಹೆಚ್ಚಿನವರು ಉಳಿಯುವುದಿಲ್ಲ, ಬಹಳ ಮಂದಿ ಆಸ್ಪತ್ರೆ ತನಕವೂ ಬರುವುದಿಲ್ಲ. ಈ ಲೆಕ್ಕಗಳೆಲ್ಲ ಆಂಬುಲೆನ್ಸ್ ಬೇಗ ಸಿಗುವ, ರಕ್ತನಾಳದ (ವಾಸ್ಕುಲರ್) ಸರ್ಜನ್ ಹತ್ತಿರ ಇರುವ ದೇಶಗಳಲ್ಲಿ ಮಾಡಿದವು. ಇವರ ಮನೆಯಿಂದ ಮಡಿಕೇರಿಗೇ ಘಟ್ಟದ ತಿರುವುಗಳಲ್ಲಿ ಮುಕ್ಕಾಲು ಗಂಟೆ ಬೇಕು. ಅಲ್ಲಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಮಂಗಳೂರಿಗೆ ಅದಕ್ಕೂ ಸ್ವಲ್ಪ ಜಾಸ್ತಿ. ಜಿಲ್ಲೆಗೆ ರೈಲಿಲ್ಲ. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಬಂದ್ ಆಗಿದ್ದು ಇಲ್ಲಿ ಯಾರೂ ಮರೆತಿಲ್ಲ. ಹಾಗಾಗಿ 5.8 ಅನ್ನುವ ಸಂಖ್ಯೆ ಮೈಸೂರಿನ ಮನೆಯಲ್ಲಿ ಒಂದು ಅರ್ಥ ಕೊಟ್ಟರೆ ನಾಪೋಕ್ಲಿನ ತೋಟದಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ನಾನು ಹೇಳಿದ್ದು ಇಷ್ಟೇ: "ಹವಾಲ್ದಾರ್ರೇ, ಜುಲೈ ರಾತ್ರಿ ಎರಡು ಗಂಟೆಗೆ ಇದು ಒಡೆದರೆ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ. ಈಗ ಆದರೆ ಆಗುತ್ತದೆ."

ಅವರು ಹೆಂಡತಿಯ ಮುಖ ನೋಡಿದರು. ಮೈಸೂರಿನಲ್ಲಿದ್ದ ಮಗಳು ಫೋನಿನಲ್ಲೇ ತೀರ್ಮಾನ ಮಾಡಿದಳು. ತೋಟವನ್ನು ಒಂದು ತಿಂಗಳು ಹವಾಲ್ದಾರರ ತಮ್ಮ ನೋಡಿಕೊಳ್ಳುವುದು ಅಂತಾಯಿತು. ಈ ತಮ್ಮನ ವಿಷಯ ಮುಂದೆ ಬರುತ್ತದೆ.

ಹೊಟ್ಟೆ ಕೊಯ್ಯುವುದೋ, ಸ್ಟೆಂಟ್ ಗ್ರಾಫ್ಟೋ

ಸಿಟಿ ಆಂಜಿಯೋಗ್ರಾಮ್, ಅಂದರೆ ಡೈ ಬಿಟ್ಟು ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ಆಗಿದ್ದು ಮೈಸೂರಿನಲ್ಲಿ. ಉಬ್ಬಿನ ಅಗಲ 5.9 ಸೆಂ.ಮೀ. ಆದರೆ ಸರ್ಜನ್ ಮೊದಲು ನೋಡುವುದು ಉಬ್ಬನ್ನಲ್ಲ, ಅದರ ಮೇಲಿನ ಕುತ್ತಿಗೆಯನ್ನು. ಕಿಡ್ನಿಗೆ ಹೋಗುವ ನಾಳಗಳು ಮುಗಿದ ಮೇಲೆ, ಉಬ್ಬು ಶುರುವಾಗುವ ಮೊದಲು, ಎಷ್ಟು ಉದ್ದದ ಒಳ್ಳೆಯ ಗೋಡೆ ಉಳಿದಿದೆ ಅನ್ನುವುದೇ ಪ್ರಶ್ನೆ. ಉಬ್ಬಿನ ಒಳಗೆ ಕೂರಿಸುವ ಬಲೆ-ಬಟ್ಟೆಯ ಕೊಳವೆ, ಅಂದರೆ ಸ್ಟೆಂಟ್ ಗ್ರಾಫ್ಟ್, ಕಚ್ಚಿಕೊಳ್ಳಬೇಕಾದ್ದು ಅಲ್ಲೇ. ಸಾಮಾನ್ಯ ಗ್ರಾಫ್ಟ್‌ಗೆ ಕನಿಷ್ಠ 10ರಿಂದ 15 ಮಿ.ಮೀ. ಬೇಕು. ಜಾಸ್ತಿ ಬಾಗಿರಬಾರದು, ಒಳಗೆ ಹೆಪ್ಪುಗಟ್ಟಿದ ರಕ್ತ ಮೆತ್ತಿಕೊಂಡಿರಬಾರದು. ಇವರಿಗೆ 22 ಮಿ.ಮೀ. ಉದ್ದ, 23 ಮಿ.ಮೀ. ಅಗಲ ಇತ್ತು, ಬಾಗು ಸುಮಾರು 40 ಡಿಗ್ರಿ. ತೊಡೆಯಿಂದ ಮೇಲೆ ಹೋಗುವ ನಾಳಗಳೂ 8 ಮಿ.ಮೀ. ಇದ್ದವು. ಅಂದರೆ ಗ್ರಾಫ್ಟ್ ಇರುವ ದಪ್ಪ ಕೊಳವೆ ಹೋಗಲು ಜಾಗ ಇತ್ತು.

ಸಿಟಿಯಲ್ಲಿ ಇನ್ನೊಂದು ಸಾಲಿತ್ತು, ಆಗ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಉಬ್ಬಿನ ಮುಂಭಾಗದಿಂದ ದೊಡ್ಡ ಕರುಳಿಗೆ ಹೋಗುವ ಒಂದು ನಾಳ ಇರುತ್ತದೆ. ಅದು ತೆರೆದೇ ಇತ್ತು, 4 ಮಿ.ಮೀ. ದಪ್ಪ.

ದಾರಿ ಎರಡು. ಹಳೆಯದು ಹೊಟ್ಟೆ ತೆರೆದು, ಅಯೋರ್ಟಾಗೆ ಕ್ಲಾಂಪ್ ಹಾಕಿ, ಉಬ್ಬಿದ ಕಡೆ ಬಟ್ಟೆಯ ಕೊಳವೆ ಹೊಲಿಯುವುದು. 1951ರಲ್ಲಿ ಪ್ಯಾರಿಸ್‌ನಲ್ಲಿ ಷಾರ್ಲ್ ದ್ಯುಬೋ ಅನ್ನುವ ಸರ್ಜನ್ ಉಬ್ಬಿದ ಭಾಗ ತೆಗೆದು, ತೀರಿಕೊಂಡ ಒಬ್ಬರ ರಕ್ತನಾಳ ಜೋಡಿಸಿ ಇದಕ್ಕೆ ದಾರಿ ಹಾಕಿಕೊಟ್ಟರು. ಅದಕ್ಕೂ ಮೊದಲಿನವರಿಗೆ ಆ ಭಾಗ್ಯ ಇರಲಿಲ್ಲ. ಐನ್‌ಸ್ಟೈನ್‌ಗೆ ಇದೇ ಕಾಯಿಲೆ ಇತ್ತು. 1948ರಲ್ಲಿ ಅವರ ಅಯೋರ್ಟಾ ಸುತ್ತ ಸೆಲೋಫೇನ್ ಹಾಳೆ ಸುತ್ತಿದ್ದರು. 1955ರ ಏಪ್ರಿಲ್‌ನಲ್ಲಿ ಅದು ಒಡೆದೇ ಅವರು ತೀರಿಕೊಂಡರು.

ಎರಡನೆಯದು ಈವಾರ್. ಮಡಚಿ ತೆಳ್ಳಗೆ ಮಾಡಿದ ಗ್ರಾಫ್ಟನ್ನು ತೊಡೆಸಂದಿನ ನಾಳದಿಂದ ಮೇಲಕ್ಕೆ ಕಳಿಸಿ, ಉಬ್ಬಿನ ಒಳಗೆ ಅರಳಿಸುವುದು. ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊದೋಸ್ 1987ರಲ್ಲೇ ಎದೆಯ ಅಯೋರ್ಟಾದಲ್ಲಿ ಇಂಥದ್ದನ್ನು ಮಾಡಿದ್ದರು. ಹೊಟ್ಟೆಯ ಉಬ್ಬಿಗೆ ಇದನ್ನು ಜಗತ್ತಿಗೆ ಪರಿಚಯಿಸಿದ್ದು ಅರ್ಜೆಂಟೀನಾದ ಹುವಾನ್ ಪರೋದಿ. 1990ರ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮೊದಲ ರೋಗಿಗೆ ಮಾಡಿದರು.

ಮನೆಯವರಿಗೆ ಈವಾರ್ ಅಂದ ತಕ್ಷಣ ಸಮಾಧಾನ ಆಯಿತು. ಹೊಟ್ಟೆ ಕೊಯ್ಯುವುದಿಲ್ಲ, ನಾಲ್ಕು ದಿನಕ್ಕೆ ಮನೆ. ಇನ್ನೇನು ಯೋಚನೆ? ನನಗೆ ಇಲ್ಲಿಯೇ ತಕರಾರು. ಗಾಯ ಚಿಕ್ಕದು ಅನ್ನುವುದೊಂದೇ ಕಾರಣಕ್ಕೆ ಇದನ್ನು ಆರಿಸಬಾರದು. ಬ್ರಿಟನ್‌ನಲ್ಲಿ 1999ರಿಂದ 2004ರ ತನಕ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ಮಾಡಿದ ಈವಾರ್-1 ಅಧ್ಯಯನ ಇದೆ. ಮೊದಲ 30 ದಿನದಲ್ಲಿ ತೀರಿಕೊಂಡವರು ಹೊಟ್ಟೆ ತೆರೆದ ಗುಂಪಿನಲ್ಲಿ ನೂರಕ್ಕೆ ನಾಲ್ಕಕ್ಕಿಂತ ಜಾಸ್ತಿ, ಈವಾರ್ ಗುಂಪಿನಲ್ಲಿ ಎರಡಕ್ಕಿಂತ ಕಡಿಮೆ. ಇಲ್ಲಿಗೆ ನಿಲ್ಲಿಸಿದರೆ ಕತೆ ಚೆನ್ನಾಗಿದೆ. ಆದರೆ ಅದೇ ರೋಗಿಗಳನ್ನು ಹದಿನೈದು ವರ್ಷ ಹಿಂಬಾಲಿಸಿ 2016ರಲ್ಲಿ ಬಂದ ವರದಿ ಬೇರೆ ಮಾತು ಹೇಳಿತು. ಮೊದಲಿನ ಲಾಭ ಕೆಲವು ವರ್ಷಗಳಲ್ಲಿ ಕರಗಿತು. ಎಂಟು ವರ್ಷ ದಾಟಿದ ಮೇಲೆ ಈವಾರ್ ಆದವರಲ್ಲೇ ಸಾವು ಜಾಸ್ತಿ. ಅದಕ್ಕೆ ಒಂದು ಕಾರಣ, ಒಳಗೆ ಗ್ರಾಫ್ಟ್ ಇದ್ದರೂ ಹಳೆಯ ಉಬ್ಬು ಮತ್ತೆ ದೊಡ್ಡದಾಗಿ ಒಡೆದದ್ದು. ಅವು ಹಳೆಯ ಗ್ರಾಫ್ಟ್‌ಗಳು, ಈಗಿನವು ಸುಧಾರಿಸಿವೆ ನಿಜ. ಆದರೂ ಜೀವನಪೂರ್ತಿ ಸ್ಕ್ಯಾನ್ ಬೇಕು ಅನ್ನುವುದು ಬದಲಾಗಿಲ್ಲ. ಹೊಟ್ಟೆ ತೆರೆದು ಹೊಲಿದ ಗ್ರಾಫ್ಟ್‌ಗೆ ಅಷ್ಟು ಕಾವಲು ಬೇಕಿಲ್ಲ.

ಹಾಗಾಗಿ 60 ವರ್ಷದ ಗಟ್ಟಿಮುಟ್ಟಾದ ಒಬ್ಬರು, ಸ್ಕ್ಯಾನ್‌ಗೆ ವರ್ಷ ವರ್ಷ ಮೈಸೂರಿಗೆ ಹೋಗಲಾರದವರು ಬಂದರೆ, ಹೊಟ್ಟೆ ತೆರೆಯುವ ಆಪರೇಷನ್ನೇ ಒಳ್ಳೆಯದು ಅನ್ನಲು ನಾನು ಹಿಂದೆಮುಂದೆ ನೋಡುವುದಿಲ್ಲ. ಹವಾಲ್ದಾರರ ಸ್ಥಿತಿ ಹಾಗಿರಲಿಲ್ಲ. ಹೃದಯ ಚೆನ್ನಾಗಿತ್ತು. ಶ್ವಾಸಕೋಶವನ್ನು ಮಾತ್ರ ಸಿಗರೇಟು ತಿಂದಿತ್ತು. ಜೋರಾಗಿ ಊದಿಸಿ ನೋಡಿದರೆ ಇರಬೇಕಾದ್ದರಲ್ಲಿ ನೂರಕ್ಕೆ 55 ಮಾತ್ರ. ದೊಡ್ಡ ಅನಸ್ತೇಷಿಯಾ, ದೊಡ್ಡ ಗಾಯ, ಆಮೇಲೆ ಕೆಮ್ಮಲಾರದೆ ನ್ಯುಮೋನಿಯಾ. ಆ ದಾರಿ ಬೇಡ ಅಂತ ಸರ್ಜನ್, ಅನಸ್ತೇಷಿಯಾ ವೈದ್ಯರು, ನಾನು ಮೂವರೂ ಒಪ್ಪಿದೆವು. ನನ್ನ ಷರತ್ತು ಒಂದೇ. ಸ್ಕ್ಯಾನ್ ತಪ್ಪಿಸಬಾರದು. "ಆರ್ಡರ್ ಅಂದ್ರೆ ಆರ್ಡರ್" ಅಂದರು ಹವಾಲ್ದಾರರು.

ಹಣದ ಮಾತು ಬೇಗ ಮುಗಿಯಿತು. ಸ್ಟೆಂಟ್ ಗ್ರಾಫ್ಟ್ ಒಂದಕ್ಕೇ ಕೆಲವು ಲಕ್ಷ ಆಗುತ್ತದೆ. ಇವರು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡುದಾರರು. ಪಾಲಿಕ್ಲಿನಿಕ್‌ನಿಂದ ರೆಫರಲ್, ಗ್ರಾಫ್ಟ್‌ಗೆ ಒಪ್ಪಿಗೆ, ಸ್ವಲ್ಪ ಓಡಾಟ, ಅಷ್ಟೇ. ಆ ಕಾರ್ಡು ಇಲ್ಲದ ತೋಟದ ಕೆಲಸದವರಿಗೆ ಇದೇ ಕಾಯಿಲೆ ಬಂದರೆ ಲೆಕ್ಕಾಚಾರ ಪೂರ್ತಿ ಬೇರೆಯಾಗುತ್ತಿತ್ತು.

ಕ್ಯಾಥ್‌ಲ್ಯಾಬ್‌ನಲ್ಲಿ

ಡಿಸೆಂಬರ್‌ನಲ್ಲಿ ಮಾಡಿದರು. ನಾನು ಒಳಗಿರಲಿಲ್ಲ. ಸರ್ಜನ್ ಆಮೇಲೆ ಚಿತ್ರಗಳನ್ನು ತೋರಿಸಿ ವಿವರಿಸಿದರು.

ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ. ಜಾಗ ಮರಗಟ್ಟಿಸಿ, ಸ್ವಲ್ಪ ಮಂಪರಿನ ಔಷಧ ಕೊಟ್ಟರು. ಎರಡೂ ತೊಡೆಸಂದಿನಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕಿದರು. ಕೊನೆಗೆ ನಾಳದ ತೂತು ಮುಚ್ಚುವ ಹೊಲಿಗೆಯನ್ನು ಮೊದಲೇ ಹಾಕಿಟ್ಟುಕೊಂಡರು. ಇದರಿಂದ ತೊಡೆಸಂದು ಕೊಯ್ಯುವ ಕೆಲಸ ತಪ್ಪಿತು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್. ಆಮೇಲೆ ಬಲಗಡೆಯಿಂದ ಗಟ್ಟಿ ತಂತಿಯ ಮೇಲೆ ಗ್ರಾಫ್ಟ್ ಮೇಲಕ್ಕೆ ಹೋಯಿತು.

ಗ್ರಾಫ್ಟ್ ಅಂದರೆ ಲೋಹದ ಬಲೆಗೆ ಹೊಲಿದ ಪಾಲಿಯೆಸ್ಟರ್ ಬಟ್ಟೆ. ಆಕಾರ ಪ್ಯಾಂಟಿನ ಹಾಗೆ, ಒಂದು ಕಾಲು ಉದ್ದ, ಇನ್ನೊಂದು ಮೊಣಕಾಲಿಗೇ ಕತ್ತರಿಸಿದಂತೆ ಗಿಡ್ಡ. ಬಲೆ ನಿಟಿನಾಲ್ ಅನ್ನುವ ಮಿಶ್ರಲೋಹದ್ದು. ಕೊಳವೆಯಿಂದ ಹೊರಗೆ ಬಿಟ್ಟರೆ ತಾನಾಗಿ ಅರಳುತ್ತದೆ. 23 ಮಿ.ಮೀ. ಕುತ್ತಿಗೆಗೆ 28 ಮಿ.ಮೀ. ಗ್ರಾಫ್ಟ್ ಆರಿಸಿದ್ದರು. ಸ್ವಲ್ಪ ದೊಡ್ಡದಿದ್ದರೇ ಗೋಡೆಗೆ ಒತ್ತಿ ನಿಲ್ಲುತ್ತದೆ. ಡೈ ಬಿಟ್ಟು ಕಿಡ್ನಿಯ ನಾಳಗಳನ್ನು ಗುರುತು ಮಾಡಿಕೊಂಡು, ಅದರ ಸ್ವಲ್ಪ ಕೆಳಗೆ ಬಿಡಿಸಿದರು. ಇಲ್ಲಿ ಕೆಲವು ಮಿಲಿಮೀಟರ್ ಮೇಲೆ ಹೋದರೆ ಕಿಡ್ನಿಗೆ ರಕ್ತ ನಿಲ್ಲುತ್ತದೆ. ಕೆಳಗೆ ಬಂದರೆ ಹಿಡಿತ ಸಾಲದು.

ಜಾಸ್ತಿ ಹೊತ್ತು ಹಿಡಿದಿದ್ದು ಎಡಗಡೆಯ ಗಿಡ್ಡ ಕಾಲಿನ ಬಾಯಿಯನ್ನು ತಂತಿಯಿಂದ ಹುಡುಕುವುದಕ್ಕೆ. ಉಬ್ಬಿನ ಒಳಗೆ ತಂತಿ ಎಲ್ಲೆಲ್ಲೋ ಸುತ್ತುತ್ತದೆ. ಒಳಗೆ ಹೋಗಿದೆ ಅನ್ನಿಸಿದರೂ ಗ್ರಾಫ್ಟ್‌ನ ಹಿಂದೆ ಹೋಗಿರಬಹುದು. ಅದು ಖಾತ್ರಿಯಾದ ಮೇಲೆ ಎಡಗಾಲು ಜೋಡಿಸಿದರು, ಬಲಗಾಲು ಉದ್ದ ಮಾಡಿದರು, ಬಲೂನ್ ಉಬ್ಬಿಸಿ ಜೋಡಣೆಗಳನ್ನು ಒತ್ತಿದರು. ಕೊನೆಯ ಚಿತ್ರದಲ್ಲಿ ಮೇಲೆ ಕೆಳಗೆ ಸೋರಿಕೆ ಇಲ್ಲ. ಉಬ್ಬಿನ ಒಳಗೆ ಮಾತ್ರ ತಡವಾಗಿ, ಮಸುಕಾಗಿ ಒಂದಿಷ್ಟು ಡೈ ಕಂಡಿತು. ಎಲ್ಲಾ ಸೇರಿ ಎರಡು ಗಂಟೆ.

ಮೂರನೆಯ ದಿನ ಮಗಳ ಮನೆಗೆ ಹೋದರು. ಎರಡು ದಿನ ಜ್ವರ ಬಂತು. ಇನ್‌ಫೆಕ್ಷನ್ ಅಂತ ಮನೆಯವರು ಹೆದರಿದರು. ಗ್ರಾಫ್ಟ್ ಹಾಕಿದ ಮೇಲೆ ದೇಹ ಹೀಗೆ ಪ್ರತಿಕ್ರಿಯೆ ತೋರಿಸುವುದು ಅಪರೂಪವಲ್ಲ. ರಕ್ತ ಪರೀಕ್ಷೆ, ಗಾಯ ಎಲ್ಲ ನೋಡಿ ಇದು ಅದೇ ಅಂತ ತೀರ್ಮಾನವಾಯಿತು. ಜ್ವರ ತಾನಾಗಿ ಇಳಿಯಿತು. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಮೊದಲು 1.3 ಇತ್ತು. ಡೈ ಬಿಟ್ಟ ಮೇಲೆ 1.4ಕ್ಕೆ ಹೋಗಿ ವಾಪಸ್ ಬಂತು.

ಊರಿಗೆ ಬಂದ ಮೇಲೆ ಕೇಳಿದ ಮೊದಲ ಪ್ರಶ್ನೆ: "ಮುಂದಿನ ಹುತ್ತರಿಗೆ ಕೋವಿ ಹಾರಿಸಬಹುದಾ?" ಕದಿರು ತೆಗೆಯುವ ಹೊತ್ತಿಗೆ ಗುಂಡು ಹಾರಿಸುವುದು ಅವರದೇ ಕೆಲಸವಂತೆ. ಧಾರಾಳವಾಗಿ ಹಾರಿಸಿ ಅಂದೆ. ಭಾರ ಎತ್ತುವುದು ಕೆಲವು ವಾರ ಬೇಡ, ಮೆಣಸಿನ ಏಣಿ ಹತ್ತುವುದು ಈ ವಯಸ್ಸಿನಲ್ಲಿ ಹೇಗೂ ಬೇಡ.

ಸೋರಿಕೆ

ಒಂದು ತಿಂಗಳ ಸಿಟಿಯಲ್ಲಿ ಆ ಮಸುಕು ಹಾಗೇ ಇತ್ತು. ಉಬ್ಬು 5.9. ಹೆಸರು ಎರಡನೆಯ ಬಗೆಯ ಎಂಡೋಲೀಕ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ರಾಫ್ಟ್ ಹಾಕಿದ ಮೇಲೆ ರಕ್ತ ಅದರ ಒಳಗೇ ಹರಿಯುತ್ತದೆ, ಹೊರಗಿನ ಉಬ್ಬಿಗೆ ಒತ್ತಡ ಇರುವುದಿಲ್ಲ. ಅಲ್ಲಿನ ರಕ್ತ ಹೆಪ್ಪುಗಟ್ಟಿ ಉಬ್ಬು ನಿಧಾನಕ್ಕೆ ಕುಗ್ಗಬೇಕು. ಗ್ರಾಫ್ಟ್‌ನ ತುದಿಗಳಲ್ಲಿ ಹಿಡಿತ ತಪ್ಪಿ ಸೋರಿದರೆ ಮೊದಲನೆಯ ಬಗೆ. ಜೋಡಣೆ ಬಿಟ್ಟರೆ ಅಥವಾ ಬಟ್ಟೆ ಹರಿದರೆ ಮೂರನೆಯದು. ಇವೆರಡೂ ಅಪಾಯ, ಕೂಡಲೇ ಸರಿಪಡಿಸಬೇಕು. ಎರಡನೆಯದೇ ಎಲ್ಲಕ್ಕಿಂತ ಸಾಮಾನ್ಯ. ಇಲ್ಲಿ ಗ್ರಾಫ್ಟ್‌ನ ತಪ್ಪಿಲ್ಲ. ಉಬ್ಬಿನಿಂದ ಹೊರಟಿದ್ದ ಚಿಕ್ಕ ನಾಳಗಳ ಬಾಯಿ ಗ್ರಾಫ್ಟ್‌ನಿಂದ ಮುಚ್ಚಿಹೋಗಿರುತ್ತದೆ. ಆದರೆ ಅವುಗಳ ಇನ್ನೊಂದು ತುದಿಗೆ ಬೇರೆ ಕಡೆಯಿಂದ ರಕ್ತ ಬರುತ್ತಿರುತ್ತದೆ. ಅದು ಹಿಂದಕ್ಕೆ ಹರಿದು ಉಬ್ಬಿಗೆ ಸೇರುತ್ತದೆ. ಇವರಲ್ಲಿ ಹಾಗೆ ಮಾಡಿದ್ದು ಕರುಳಿನ ಆ 4 ಮಿ.ಮೀ. ನಾಳ.

ಇಂಥ ಸೋರಿಕೆಗಳಲ್ಲಿ ಬಹಳಷ್ಟು ತಾವಾಗಿ ನಿಲ್ಲುತ್ತವೆ. ಉಬ್ಬು ಬೆಳೆಯದಿದ್ದರೆ ಮುಟ್ಟುವ ಅಗತ್ಯವಿಲ್ಲ. ಆದರೆ ಬೆಳೆಯುತ್ತಿಲ್ಲ ಅಂತ ಗೊತ್ತಾಗಬೇಕಾದರೆ ನೋಡುತ್ತಿರಬೇಕಲ್ಲ? ವರ್ಷ ತುಂಬಿದಾಗ ಸಿಟಿಗೆ ಬರಲು ಬರೆದುಕೊಟ್ಟಿದ್ದರು. ವರ್ಷ ತುಂಬಿದ್ದು ಮತ್ತೆ ಡಿಸೆಂಬರ್‌ಗೆ. ಕೊಯ್ಲು, ಆಳುಗಳ ಅಭಾವ, ಕಣದಲ್ಲಿ ಒಣಗುತ್ತಿರುವ ಕಾಫಿ. ಮುಗಿಯುವಷ್ಟರಲ್ಲಿ ಮೆಣಸು. ಆಮೇಲೆ ಹೂಮಳೆ ಬರಲಿಲ್ಲ ಅಂತ ಸ್ಪ್ರಿಂಕ್ಲರ್. ಆಮೇಲೆ ಮಳೆಗಾಲ. ಮಗಳು ಎರಡು ಸಲ ದಿನ ಗೊತ್ತು ಮಾಡಿದರೂ ಅಪ್ಪ ಹೊರಡಲಿಲ್ಲ. ಮೈಯಲ್ಲಿ ಏನೂ ತೊಂದರೆ ಇಲ್ಲ, ತೊಡೆಯಲ್ಲಿ ಕಲೆಯೂ ಕಾಣುವುದಿಲ್ಲ, ಡಬ್ ಡಬ್ ಕೂಡ ನಿಂತಿದೆ. ಹೊಟ್ಟೆಯ ಮೇಲೆ ಒಂದು ಉದ್ದ ಗಾಯದ ಗುರುತು ಇದ್ದಿದ್ದರೆ ಬಹುಶಃ ನೆನಪಾಗುತ್ತಿತ್ತೇನೋ.

ಕೊನೆಗೆ ಬಂದಿದ್ದು ಸೆಪ್ಟೆಂಬರ್‌ನಲ್ಲಿ, ಆಪರೇಷನ್ ಆಗಿ 21 ತಿಂಗಳಿಗೆ. ಅದೂ ತನಗಾಗಿ ಅಲ್ಲ, ತಮ್ಮನನ್ನು ಕರೆದುಕೊಂಡು. ಒಡಹುಟ್ಟಿದವರಿಗೆ ಈ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ, ಎಲ್ಲರೂ ಒಂದು ಸಲ ಅಲ್ಟ್ರಾಸೌಂಡ್ ಮಾಡಿಸಲಿ ಅಂತ ನಾನು ಮೊದಲೇ ಹೇಳಿದ್ದೆ. ಅಕ್ಕ ಮಾಡಿಸಿದ್ದರು, ಅವರದ್ದು ಸರಿಯಾಗಿತ್ತು. ತಮ್ಮ ಈಗ ಒಪ್ಪಿದ್ದರು. ಅದೇ ಮಂಚದ ಮೇಲೆ ಅಣ್ಣನನ್ನೂ ಮಲಗಿಸಿದೆವು. ಉಬ್ಬು ಸುಮಾರು 6.5.

ಮೈಸೂರಿನ ಸಿಟಿ ಸ್ಕ್ಯಾನ್‌ನಲ್ಲಿ 6.6. ಅಂದರೆ 7 ಮಿ.ಮೀ. ಬೆಳೆದಿತ್ತು. ಹೀಗೆ ಬೆಳೆದಾಗ ಎರಡನೆಯ ಬಗೆಯ ಸೋರಿಕೆ ಅಂತ ಸುಲಭಕ್ಕೆ ನಂಬಬಾರದು, ಅದರ ಹಿಂದೆ ಮೊದಲನೆಯದೋ ಮೂರನೆಯದೋ ಅಡಗಿರಬಹುದು. ಡೈ ಕೊಟ್ಟು ತಡವಾಗಿ ತೆಗೆದ ಚಿತ್ರಗಳನ್ನೂ ನೋಡಿ, ಗ್ರಾಫ್ಟ್ ಜಾರಿಲ್ಲ, ಜೋಡಣೆ ಸರಿಯಿದೆ, ಹಳೆಯ ನಾಳವೇ ಕಾರಣ ಅಂತ ಖಾತ್ರಿ ಮಾಡಿಕೊಂಡರು.

ಆ ನಾಳದ ಬಾಯಿ ಗ್ರಾಫ್ಟ್‌ನ ಹಿಂದೆ ಇದೆ, ನೇರ ಹೋಗಲು ಆಗುವುದಿಲ್ಲ. ಹಾಗಾಗಿ ಸುತ್ತು ಬಳಸಿದರು. ಗ್ರಾಫ್ಟ್‌ಗಿಂತ ಮೇಲೆ ಹುಟ್ಟುವ ಸಣ್ಣ ಕರುಳಿನ ನಾಳಕ್ಕೆ ತೆಳ್ಳಗಿನ ಕ್ಯಾಥೆಟರ್ ಕಳಿಸಿ, ದೊಡ್ಡ ಕರುಳಿನ ಅಂಚಿನಲ್ಲಿ ಓಡುವ ಕವಲುಗಳ ಮೂಲಕ ಕೆಳಗಿಳಿದು, ಆ ನಾಳದ ಬುಡಕ್ಕೆ ತಲುಪಿ, ಅಲ್ಲಿ ಲೋಹದ ಸಣ್ಣ ಸುರುಳಿಗಳನ್ನು ತುಂಬಿ ಮುಚ್ಚಿದರು. ಬುಡದಲ್ಲೇ ಮುಚ್ಚಬೇಕು. ಮುಂದಕ್ಕೆ ಹೋದರೆ ಕರುಳಿನ ರಕ್ತಕ್ಕೇ ಕುತ್ತು. ಜಾಗ ಮರಗಟ್ಟಿಸಿ ಮಾಡಿದ ಕೆಲಸ. ಮರುದಿನವೇ ಊಟ ಮಾಡಿದರು.

ಆರು ತಿಂಗಳ ಮೇಲೆ ಡಾಪ್ಲರ್‌ನಲ್ಲಿ, ಅಂದರೆ ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್‌ನಲ್ಲಿ, ಸೋರಿಕೆ ಇಲ್ಲ, ಉಬ್ಬು 6.4. ಇಳಿದಿದ್ದು 2 ಮಿ.ಮೀ. ಮಾತ್ರ. ಅಳೆಯುವಾಗಿನ ವ್ಯತ್ಯಾಸವೇ ಅಷ್ಟು ಇರಬಹುದು. ಬೆಳೆದಿಲ್ಲ ಅನ್ನುವಷ್ಟನ್ನೇ ಹವಾಲ್ದಾರರಿಗೆ ಹೇಳಿದೆ.

ಅವರ ಸ್ಕ್ಯಾನನ್ನು ಈಗ ಡಿಸೆಂಬರ್‌ನಿಂದ ಮೇ ತಿಂಗಳಿಗೆ ತಂದಿದ್ದೇವೆ. ಮೆಣಸು ಮುಗಿದಿರುತ್ತದೆ, ಮಳೆ ಶುರುವಾಗಿರುವುದಿಲ್ಲ, ಮೊಮ್ಮಕ್ಕಳಿಗೆ ರಜೆ ಇರುವುದರಿಂದ ಮಗಳು ಬಂದಿರುತ್ತಾಳೆ. ಹೆಚ್ಚಿನ ವರ್ಷ ಮಡಿಕೇರಿಯ ಡಾಪ್ಲರ್ ಸಾಕು. ಅನುಮಾನ ಬಂದರೆ ಮಾತ್ರ ಮೈಸೂರಿನ ಸಿಟಿ ಸ್ಕ್ಯಾನ್. ಡೈ ಕಡಿಮೆಯಾದಷ್ಟು ಕಿಡ್ನಿಗೂ ಕ್ಷೇಮ. ಪರ್ಸಿನಲ್ಲಿ ಒಂದು ಚೀಟಿ ಇದೆ. ಅಯೋರ್ಟಾದಲ್ಲಿ ಸ್ಟೆಂಟ್ ಗ್ರಾಫ್ಟ್ ಇದೆ, ಹೊಟ್ಟೆಯಲ್ಲೋ ಬೆನ್ನಲ್ಲೋ ಏಕಾಏಕಿ ಜೋರು ನೋವು ಬಂದರೆ ಅಥವಾ ತಲೆ ತಿರುಗಿ ಬಿದ್ದರೆ ಇದನ್ನು ತೋರಿಸಿ ಅಂತ.

ತಮ್ಮನಿಗೆ 66. ಅವರ ಅಯೋರ್ಟಾ 4.2 ಸೆಂ.ಮೀ. ಇತ್ತು. ಇದಕ್ಕೆ ಆಪರೇಷನ್ ಬೇಡ, ಕುಗ್ಗಿಸುವ ಮಾತ್ರೆಯೂ ಇಲ್ಲ. ಬಿಪಿ ಹಿಡಿತದಲ್ಲಿರಬೇಕು, ಹೃದಯದ ದೃಷ್ಟಿಯಿಂದ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಕೊಟ್ಟಿದ್ದೇನೆ, ವರ್ಷಕ್ಕೊಂದು ಸ್ಕ್ಯಾನ್. ಬೆಳವಣಿಗೆ ನಿಧಾನ ಮಾಡಲು ಅವರ ಕೈಯಲ್ಲಿರುವ ದೊಡ್ಡ ಉಪಾಯ ಬೀಡಿ ಬಿಡುವುದು. ದಿನಕ್ಕೊಂದು ಕಟ್ಟು ಸೇದುತ್ತಿದ್ದವರು ಈಗ ನಾಲ್ಕಕ್ಕೆ ಇಳಿದಿದ್ದಾರೆ ಅಂತ ಅವರು ಹೇಳುತ್ತಾರೆ, ಎಂಟು ಅಂತ ಅಣ್ಣ ಹೇಳುತ್ತಾರೆ. ಈ ಮೇ ತಿಂಗಳಲ್ಲಿ ಇಬ್ಬರಿಗೂ ಒಂದೇ ದಿನ ಬರೆದುಕೊಟ್ಟಿದ್ದೇನೆ. ಅಣ್ಣ ತಪ್ಪಿಸಿದರೆ ತಮ್ಮ ಹೇಳುತ್ತಾನೆ, ತಮ್ಮ ತಪ್ಪಿಸಿದರೆ ಅಣ್ಣ ಎಳೆದು ತರುತ್ತಾರೆ.